ಇದ್ದ ಗುಂಡಿ ಎಲ್ಲಿ ಹೋಯಿತು? ಬ್ರೌಸರ್ ಅಪ್‌ಡೇಟ್ ಮೇಲಿನ ಸಿಟ್ಟಿನ ಹಿನ್ನೆಲೆ

2016ರ ಜುಲೈವರೆಗೆ ಕ್ರೋಮ್ ಬ್ರೌಸರಿನಲ್ಲಿ ಬ್ಯಾಕ್‌ಸ್ಪೇಸ್ ಕೀ ಒತ್ತಿದರೆ ಹಿಂದಿನ ಪುಟಕ್ಕೆ ಹೋಗಬಹುದಿತ್ತು. ಆ ತಿಂಗಳು ಬಂದ 52ನೇ ಆವೃತ್ತಿಯಲ್ಲಿ ಅದು ನಿಂತಿತು. ಕಾರಣ ಯಾರಿಗಾದರೂ ಅರ್ಥವಾಗುವಂಥದ್ದೇ. ಉದ್ದನೆಯ ಅರ್ಜಿಯೊಂದನ್ನು ತುಂಬುತ್ತಿರುತ್ತೀರಿ, ಒಂದಕ್ಷರ ತಪ್ಪಾಯಿತೆಂದು ಅಳಿಸಲು ಹೋಗುತ್ತೀರಿ, ಕರ್ಸರ್ ಆ ಚೌಕದಿಂದ ಆಚೆ ಸರಿದಿರುವುದು ಗಮನಕ್ಕೆ ಬಂದಿರುವುದಿಲ್ಲ. ಪುಟ ಹಿಂದಕ್ಕೆ ಹಾರುತ್ತದೆ, ಅರ್ಧ ಗಂಟೆ ತುಂಬಿದ್ದೆಲ್ಲ ಮಾಯ. ಆ ಸೌಲಭ್ಯ ತೆಗೆಯುವ ಮುಂಚೆ ಗೂಗಲ್ ಎಂಜಿನಿಯರುಗಳು ಲೆಕ್ಕ ಹಾಕಿ ನೋಡಿದ್ದರು. ಜನ ಪುಟ ತೆರೆಯುವ ಒಟ್ಟು ಸಂದರ್ಭಗಳಲ್ಲಿ ಶೇ 0.04ರಷ್ಟು ಮಾತ್ರ ಬ್ಯಾಕ್‌ಸ್ಪೇಸಿನಿಂದ ಹಿಂದಕ್ಕೆ ಹೋದದ್ದಾಗಿತ್ತು. ಅರ್ಜಿಯನ್ನು ಮುಟ್ಟಿದ ಮೇಲೆ ಹಾಗೆ ಹೋದದ್ದು ಶೇ 0.005.

ಅಂಕಿ ನೋಡಿದರೆ ನಿರ್ಧಾರ ಸರಿಯೇ. ಆದರೂ ಸಿಟ್ಟಾದವರು ಕಡಿಮೆಯಿರಲಿಲ್ಲ. ಕಡೆಗೆ ಗೂಗಲ್ಲೇ ಆ ಕೀಗೆ ಹಳೆಯ ಕೆಲಸವನ್ನು ಮರಳಿ ಕೊಡುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್, ಒಂದನ್ನು ಬಿಡುಗಡೆ ಮಾಡಿತು. ಶೇ 0.04 ಎನ್ನುವುದು ಎಲ್ಲರನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ಆ ಕೀಯಿಂದಲೇ ವೆಬ್ಬಿನಲ್ಲಿ ಓಡಾಡುತ್ತಿದ್ದವರಿಗೆ ಅದು ದಿನಕ್ಕೆ ನೂರು ಸಲದ ಮಾತು.

ಬ್ರೌಸರಿನ ಹೊಸ ಆವೃತ್ತಿ ಬಂದಾಗಲೆಲ್ಲ ಏಳುವ ಗದ್ದಲವನ್ನು ‘ಜನಕ್ಕೆ ಬದಲಾವಣೆಯೇ ಆಗಿಬರುವುದಿಲ್ಲ, ಒಂದು ವಾರ ಕೂಗಾಡಿ ಸುಮ್ಮನಾಗುತ್ತಾರೆ’ ಎಂದು ತಳ್ಳಿಹಾಕುವ ರೂಢಿಯಿದೆ. ನನಗೆ ಇದು ಅನ್ಯಾಯವೆನಿಸುತ್ತದೆ. ಕಳೆದ ಇಪ್ಪತ್ತೈದು ವರ್ಷಗಳ ತಕರಾರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ನಡುವೆ ಎಲ್ಲೋ ಅವುಗಳ ಸ್ವರೂಪವೇ ಬದಲಾದದ್ದು ಕಾಣುತ್ತದೆ. ಮೊದಲೆಲ್ಲ ಹೊಸದು ಹಿಡಿಸದವರು ಹಳೆಯದರಲ್ಲೇ ಉಳಿಯಬಹುದಿತ್ತು. ಈಗ ಹೊಸ ರೂಪವೂ ಭದ್ರತೆಯ ದೋಷ ಮುಚ್ಚುವ ತೇಪೆಯೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ರೂಪ ಬೇಡವೆಂದರೆ ಭದ್ರತೆಯನ್ನೂ ಬಿಡಬೇಕು. ಸಿಟ್ಟಿನ ಬೇರು ಇರುವುದು ಇಲ್ಲಿ.

ಬೇಡವೆನ್ನಬಹುದಾಗಿದ್ದ ಕಾಲ

ಬ್ರೌಸರುಗಳ ಮೊದಲ ಪೈಪೋಟಿ ನಡೆದದ್ದು ವೇಗದ ಮೇಲೆ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಬರೆದ ಮೊಸಾಯಿಕ್, ಅಕ್ಷರಗಳ ನಡುವೆಯೇ ಚಿತ್ರಗಳನ್ನೂ ತೋರಿಸಿ ಹೆಸರು ಮಾಡಿತ್ತು. ಆದರೆ ಚಿತ್ರಗಳು ಇಳಿಯುವ ತನಕ ಸುಮ್ಮನೆ ಕಾಯಬೇಕಿತ್ತು. 1994ರ ಡಿಸೆಂಬರಿನಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ ಅಕ್ಷರಗಳನ್ನು ಬಂದಷ್ಟು ಬಂದಷ್ಟೇ ತೋರಿಸಿ, ಚಿತ್ರಗಳನ್ನು ಆಮೇಲೆ ತುಂಬಿಕೊಳ್ಳುತ್ತಿತ್ತು. ಅದೇ ಮೋಡೆಮ್, ಅದೇ ಫೋನ್ ತಂತಿ. ಆದರೂ ಅಷ್ಟರಲ್ಲಿ ಓದಲು ಶುರುಮಾಡಬಹುದಿತ್ತಲ್ಲ, ಜನರಿಗೆ ಅದು ಎಷ್ಟೋ ವೇಗವೆನಿಸಿತು.

ಗಡಿಯಾರ ತೋರಿಸುವ ವೇಗ ಬೇರೆ, ಎದುರು ಕೂತವರಿಗೆ ಅನಿಸುವ ವೇಗ ಬೇರೆ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಇದಕ್ಕೆ ಮೂರು ಗಡಿ ಹಾಕಿಕೊಟ್ಟಿದ್ದರು: ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆ, ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಫೈರ್‌ಫಾಕ್ಸಿನ ಒಳಗೆ ಬಹುಕಾಲ ಇದ್ದ ಒಂದು ಸೆಟ್ಟಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಪುಟದ ಮೊದಲ ಚೂರು ಕೈಗೆ ಬಂದ ಮೇಲೂ 250 ಮಿಲಿಸೆಕೆಂಡ್, ಅಂದರೆ ಕಾಲು ಸೆಕೆಂಡ್, ಕಾದು ಆಮೇಲೆ ತೆರೆಯ ಮೇಲೆ ಬಿಡಿಸು ಎಂಬುದು ಅದರ ಅಪ್ಪಣೆ. ಅವಸರಪಟ್ಟು ಬಿಡಿಸಿದರೆ ಮತ್ತೆ ಮತ್ತೆ ಅಳಿಸಿ ಬಿಡಿಸಬೇಕಾಗಿ ಪುಟ ಪೂರ್ತಿಯಾಗುವುದೇ ತಡವಾಗುತ್ತದೆ ಎಂಬ ಲೆಕ್ಕ. ಬಳಕೆದಾರರು ಆ ಅಂಕಿಯನ್ನು ಸೊನ್ನೆ ಮಾಡಿಕೊಂಡು ‘ಈಗ ನೋಡಿ, ಎಷ್ಟು ಚುರುಕು’ ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಗಡಿಯಾರದ ಪ್ರಕಾರ ಅವರದು ತಪ್ಪು. ಅವರ ಕಣ್ಣಿನ ಪ್ರಕಾರ ಸರಿ. ಆಮೇಲಿನ ವರ್ಷಗಳಲ್ಲಿ ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾ ಆ ಕಾಯುವಿಕೆಯನ್ನು ಹೆಚ್ಚುಕಡಿಮೆ ತೆಗೆದೇಬಿಟ್ಟಿತು.

ಹೊಸ ಆವೃತ್ತಿಯೊಂದು ಬಳಕೆದಾರರ ಕೈಲಿ ಪೂರ್ತಿ ಸೋತ ಮೊದಲ ದೊಡ್ಡ ಪ್ರಸಂಗ ನೆಟ್‌ಸ್ಕೇಪ್ 6. ಕಂಪನಿ 1998ರಲ್ಲಿ ತನ್ನ ಬ್ರೌಸರಿನ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಮೊಜಿಲ್ಲಾ ಯೋಜನೆಗೆ ಚಾಲನೆ ಕೊಟ್ಟಿತ್ತು. ಬಹುಪಾಲನ್ನು ಹೊಸದಾಗಿ ಬರೆಯುವ ತೀರ್ಮಾನವಾಯಿತು, ವರ್ಷಗಳು ಉರುಳಿದವು. 2000ದ ನವೆಂಬರಿನಲ್ಲಿ ನೆಟ್‌ಸ್ಕೇಪ್ 6 ಹೊರಬಂದಾಗ ಅದರಡಿಯ ಮೊಜಿಲ್ಲಾ ಕೋಡ್ ಇನ್ನೂ 0.6ರ ಹಂತದಲ್ಲಿತ್ತು. ಮೆನು, ಗುಂಡಿ, ಪಟ್ಟಿಗಳನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನಿಂದ ಎರವಲು ಪಡೆಯದೆ ಬ್ರೌಸರ್ ತಾನೇ ಬಿಡಿಸುತ್ತಿತ್ತು. ಹಾಗಾಗಿ ಅದು ಉಳಿದ ಯಾವ ಪ್ರೋಗ್ರಾಮಿನ ಹಾಗೂ ಕಾಣುತ್ತಿರಲಿಲ್ಲ. ಆ ಕಾಲದ ಯಂತ್ರಗಳಲ್ಲಿ ಮೆನು ಬಿಚ್ಚಿಕೊಳ್ಳುವುದೂ ನಿಧಾನ, ಬ್ರೌಸರ್ ಎದ್ದು ಕೂರುವುದೂ ನಿಧಾನ. ಅರೆಬೆಂದದ್ದನ್ನು ಬಡಿಸಿದ್ದಾರೆ ಎಂಬುದೇ ಎಲ್ಲರ ದೂರು. ಆದರೆ ಆ ದೂರಿನ ಜೊತೆಗೇ ಬಿಡುವ ದಾರಿಯೂ ಇತ್ತು. ಜನ ಹಳೆಯ 4.7ರಲ್ಲೇ ಉಳಿದರು, ಇಲ್ಲವೇ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಹೋದರು.

ಆ ಅಸಮಾಧಾನ ಮೊಜಿಲ್ಲಾದ ಒಳಗೂ ಇತ್ತು. ಮೇಲ್, ಪುಟ ಬರೆಯುವ ಸಾಧನ, ವಿಳಾಸಪುಸ್ತಕ ಎಲ್ಲವನ್ನೂ ಹೇರಿಕೊಂಡ ಆ ಭಾರದಿಂದ ಬೇಸತ್ತ ಕೆಲವರು ಬರೀ ಬ್ರೌಸರನ್ನಷ್ಟೇ ಬಿಡಿಸಿ ತೆಗೆದು, 2002ರ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಎಂಬ ಹೆಸರಿನಲ್ಲಿ ಹೊರಬಿಟ್ಟರು. ಎರಡು ಸಲ ಹೆಸರು ಬದಲಾಗಿ 2004ರ ನವೆಂಬರ್ 9ರಂದು ಅದು ಫೈರ್‌ಫಾಕ್ಸ್ 1.0 ಆಯಿತು. ಫೈರ್‌ಫಾಕ್ಸ್ ಹುಟ್ಟಿದ್ದೇ ಒಂದು ಬಳಕೆದಾರ ತಕರಾರಿನಿಂದ ಎಂದರೆ ತಪ್ಪಾಗದು. ಮುಂದೆ ಅದರ ಮೇಲೆಯೇ ಅದೇ ತಕರಾರುಗಳು ಬರುವಾಗ ಇದನ್ನು ನೆನಪಿಟ್ಟುಕೊಂಡಿರಬೇಕು.

ಇನ್ನೊಂದು ಬದಿಯಲ್ಲಿ ಇದಕ್ಕೆ ತದ್ವಿರುದ್ಧದ ಕಥೆ. 2001ರ ಆಗಸ್ಟಿನಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ನಂತರ ಐದು ವರ್ಷ ಹೊಸ ಆವೃತ್ತಿಯೇ ಇರಲಿಲ್ಲ. 2006ರ ಅಕ್ಟೋಬರಿನಲ್ಲಿ 7 ಬಂದಾಗ ಅದರಲ್ಲಿ ಟ್ಯಾಬ್‌ಗಳಿದ್ದವು. ಜೊತೆಗೆ ಮೆನು ಸಾಲು ಅಡಗಿತ್ತು, ರಿಫ್ರೆಶ್ ಮತ್ತು ಸ್ಟಾಪ್ ಗುಂಡಿಗಳು ಅಡ್ರೆಸ್ ಬಾರಿನ ಬಲತುದಿಗೆ ಹೋಗಿದ್ದವು. ಐದು ವರ್ಷ ಒಂದೇ ಜಾಗಕ್ಕೆ ಹೋಗಿ ಅಭ್ಯಾಸವಾದ ಕೈ ಖಾಲಿ ಜಾಗವನ್ನು ಒತ್ತುತ್ತಿತ್ತು. ಬಹಳಷ್ಟು ಜನ, ಅದಕ್ಕಿಂತ ಹೆಚ್ಚಾಗಿ ಬಹಳಷ್ಟು ಕಚೇರಿಗಳು, 6ರಲ್ಲೇ ಕೂತುಬಿಟ್ಟವು. ಅದರ ಬೆಲೆಯನ್ನು ಎಲ್ಲರೂ ತೆತ್ತರು. 2010ರ ಜನವರಿಯಲ್ಲಿ ಗೂಗಲ್ ಮತ್ತಿತರ ಕಂಪನಿಗಳ ಒಳಗೆ ನುಗ್ಗಿದವರು ಬಳಸಿದ್ದು ಎಕ್ಸ್‌ಪ್ಲೋರರಿನ ದೋಷವನ್ನೇ. ಜರ್ಮನಿ ಮತ್ತು ಫ್ರಾನ್ಸಿನ ಸರ್ಕಾರಿ ಭದ್ರತಾ ಸಂಸ್ಥೆಗಳು ಬೇರೆ ಬ್ರೌಸರ್ ಬಳಸಿ ಎಂದು ಜನರಿಗೆ ಹೇಳಬೇಕಾಯಿತು. 2011ರ ಮಾರ್ಚಿನಲ್ಲಿ ಸ್ವತಃ ಮೈಕ್ರೋಸಾಫ್ಟ್, ಹತ್ತು ವರ್ಷ ಹಳೆಯ ತನ್ನದೇ ಬ್ರೌಸರನ್ನು ಬಿಡಿ ಎಂದು ಪ್ರಚಾರಕ್ಕೆ ಇಳಿಯಿತು.

ಅಂದರೆ ‘ಬೇಡ’ ಎನ್ನುವ ಸ್ವಾತಂತ್ರ್ಯಕ್ಕೂ ಒಂದು ಕೆಟ್ಟ ಮುಖವಿತ್ತು. ಇದನ್ನು ಒಪ್ಪದೆ ಮುಂದಿನದು ಅರ್ಥವಾಗುವುದಿಲ್ಲ.

ಆರು ವಾರಕ್ಕೊಂದು ಸಂಖ್ಯೆ

2008ರಲ್ಲಿ ಎರಡು ಘಟನೆಗಳು ನಡೆದವು. ಜೂನ್ 17ರಂದು ಫೈರ್‌ಫಾಕ್ಸ್ 3 ಬಂತು. ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಸೇರಿತು. ಅದರ ಹೊಸ ಅಡ್ರೆಸ್ ಬಾರ್, ವಿಳಾಸದ ಮೊದಲ ಅಕ್ಷರಗಳನ್ನಷ್ಟೇ ಅಲ್ಲ, ನೋಡಿದ ಪುಟಗಳ ಶೀರ್ಷಿಕೆಯಲ್ಲೂ ಬುಕ್‌ಮಾರ್ಕುಗಳಲ್ಲೂ ಹುಡುಕಿ, ಎರಡೆರಡು ಸಾಲಿನ ದಪ್ಪ ಪಟ್ಟಿಯನ್ನು ಕೆಳಗೆ ಬಿಡುತ್ತಿತ್ತು. ಹಳೆಯ ತೆಳು ಪಟ್ಟಿಗೆ ಒಗ್ಗಿದವರು ಸಿಡಿದೆದ್ದರು. ಪಕ್ಕದಲ್ಲಿ ಯಾರಾದರೂ ಕೂತಿರುವಾಗ ಎರಡಕ್ಷರ ಟೈಪ್ ಮಾಡಿದರೆ ಹಿಂದೆಂದೋ ನೋಡಿದ ಪುಟಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ ಎಂಬ ದೂರು ತಮಾಷೆಯದ್ದಲ್ಲ, ಅದು ಖಾಸಗಿತನದ ನಿಜವಾದ ಪ್ರಶ್ನೆ. ಹಳೆಯ ಪಟ್ಟಿಯ ರೂಪವನ್ನು ಮರಳಿ ತರುವ ಆಡ್-ಆನ್ (ಎಕ್ಸ್‌ಟೆನ್ಶನ್ನಿಗೆ ಫೈರ್‌ಫಾಕ್ಸಿನಲ್ಲಿರುವ ಹೆಸರು) ಬೇಗನೆ ಬಂತು, ಏನನ್ನು ತೋರಿಸಬೇಕೆಂದು ಆರಿಸುವ ಸೆಟ್ಟಿಂಗ್ ಆಮೇಲೆ ಸೇರಿತು. ಇಂದು ಯಾವ ಬ್ರೌಸರಿನಲ್ಲೂ ಅಡ್ರೆಸ್ ಬಾರ್ ಕೆಲಸ ಮಾಡುವುದು ಹೆಚ್ಚುಕಡಿಮೆ ಹೀಗೆಯೇ, ಅದಿಲ್ಲದೆ ಯಾರಿಗೂ ಕೈ ಓಡದು. ವಿನ್ಯಾಸಕಾರರು ‘ನೋಡಿ, ಕೊನೆಗೆ ಒಪ್ಪಿಕೊಂಡರಲ್ಲ’ ಎಂದು ಹೇಳುವಾಗ ಈ ಉದಾಹರಣೆ ಮೊದಲು ಬರುತ್ತದೆ. ನಡುವೆ ಸಿಕ್ಕ ಸೆಟ್ಟಿಂಗ್ ಮತ್ತು ಆಡ್-ಆನ್ ಜನರಿಗೆ ಒಗ್ಗಿಕೊಳ್ಳಲು ಸಮಯ ಕೊಟ್ಟವು ಎಂಬುದನ್ನು ಮಾತ್ರ ಮರೆಯುತ್ತಾರೆ.

ಎರಡನೆಯದು, ಸೆಪ್ಟೆಂಬರ್ 2ರಂದು ಬಂದ ಕ್ರೋಮ್. ಟ್ಯಾಬ್‌ಗಳು ಕಿಟಕಿಯ ತೀರಾ ಮೇಲಕ್ಕೆ ಹೋದವು, ಹುಡುಕಾಟಕ್ಕೂ ವಿಳಾಸಕ್ಕೂ ಒಂದೇ ಚೌಕ, ಮೆನು ಸಾಲು ಇಲ್ಲವೇ ಇಲ್ಲ. ಅದರಲ್ಲಿನ ಒಂದು ಸಣ್ಣ ವಿಷಯ ನನಗೆ ಇಂದಿಗೂ ಇಷ್ಟ. ಹತ್ತಾರು ಟ್ಯಾಬ್ ತೆರೆದಿರುವಾಗ ಒಂದನ್ನು ಮುಚ್ಚಿದರೆ ಉಳಿದವು ಕೂಡಲೇ ಅಗಲವಾಗುವುದಿಲ್ಲ. ಮೌಸ್ ಆ ಸಾಲಿನಿಂದ ಕೆಳಗಿಳಿಯುವ ತನಕ ಕಾಯುತ್ತವೆ. ಹಾಗಾಗಿ ಮುಂದಿನ ಟ್ಯಾಬಿನ ಮುಚ್ಚುವ ಗುರುತು ನೇರ ಕರ್ಸರಿನ ಕೆಳಗೇ ಬಂದು ನಿಲ್ಲುತ್ತದೆ, ಕೈ ಕದಲಿಸದೆ ಒಂದಾದ ಮೇಲೊಂದು ಮುಚ್ಚುತ್ತಾ ಹೋಗಬಹುದು. ಇದನ್ನು ಗಮನಿಸಿದವರೇ ಕಡಿಮೆ, ದೂರಿದವರು ಯಾರೂ ಇಲ್ಲ. ಕೈಯ ಅಭ್ಯಾಸವನ್ನು ಗೌರವಿಸಿ ಮಾಡಿದ ಬದಲಾವಣೆಗೆ ಗದ್ದಲವೇ ಆಗುವುದಿಲ್ಲ.

ಆದರೆ ಕ್ರೋಮ್ ತಂದ ನಿಜವಾದ ಬದಲಾವಣೆ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕೇಳದೆ, ಹೇಳದೆ, ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಆಗುತ್ತಿತ್ತು. ಎಕ್ಸ್‌ಪ್ಲೋರರ್ 6ರ ಪಾಡು ಕಂಡವರಿಗೆ ಇದು ವರದಂತೆ ಕಂಡಿತು. ಭದ್ರತೆಯ ದೃಷ್ಟಿಯಿಂದ ಇಂದಿಗೂ ಅದು ವರವೇ. ಫೈರ್‌ಫಾಕ್ಸ್ 2011ರಲ್ಲಿ ಅದೇ ದಾರಿ ಹಿಡಿಯಿತು. ಆ ವರ್ಷ ಮಾರ್ಚ್ 22ಕ್ಕೆ 4ನೇ ಆವೃತ್ತಿ ಬಂದಿತ್ತು: ಟ್ಯಾಬ್‌ಗಳು ಮೇಲೆ, ಕೆಳಗಿನ ಸ್ಟೇಟಸ್ ಬಾರ್ ಮಾಯ, ಮೆನುಗಳೆಲ್ಲ ವಿಂಡೋಸಿನಲ್ಲಿ ಒಂದು ಕಿತ್ತಳೆ ಗುಂಡಿಯೊಳಗೆ. ಅದರ ಬಗ್ಗೆ ಜನ ಇನ್ನೂ ಮಾತಾಡಿ ಮುಗಿಸಿರಲಿಲ್ಲ, ಜೂನ್ 21ಕ್ಕೆ 5 ಬಂತು. ಅಂದಿನಿಂದಲೇ 4ಕ್ಕೆ ಭದ್ರತಾ ತೇಪೆಗಳು ನಿಂತವು. 4ರ ದೋಷಗಳಿಗೆ ಪರಿಹಾರ ಯಾವುದೆಂದರೆ 5ಕ್ಕೆ ಬರುವುದೇ. ಮೂರು ತಿಂಗಳ ಹಿಂದೆ ಬಂದ ಆವೃತ್ತಿಯಲ್ಲಿ ಉಳಿಯುವುದೂ ಅಪಾಯವಾಯಿತು. ಪೊಟ್ಟಣ ಕಟ್ಟಿದ್ದು ಆ ದಿನ ಎಂದು ನಾನು ಗುರುತು ಹಾಕುತ್ತೇನೆ.

ಆರು ವಾರಕ್ಕೊಮ್ಮೆ ಸಂಖ್ಯೆ ಏರುತ್ತಿದ್ದಂತೆ, ‘ಈ ಆವೃತ್ತಿಗೆ ಹೊಂದುವುದಿಲ್ಲ’ ಎಂದು ಆಡ್-ಆನ್‌ಗಳು ಒಂದೊಂದಾಗಿ ಮಲಗತೊಡಗಿದವು. ಸಾವಿರಾರು ಯಂತ್ರಗಳಲ್ಲಿ ಪರೀಕ್ಷಿಸಿ ನೋಡದೆ ಏನನ್ನೂ ಹಾಕದ ದೊಡ್ಡ ಸಂಸ್ಥೆಗಳು ತಲೆಮೇಲೆ ಕೈಹೊತ್ತವು. ಈ ಕೂಗಿಗೆ ಉತ್ತರವಾಗಿ 2012ರ ಜನವರಿಯಲ್ಲಿ ಎರಡು ಪರಿಹಾರ ಬಂದವು. 10ನೇ ಆವೃತ್ತಿಯಿಂದ ಬಹುತೇಕ ಆಡ್-ಆನ್‌ಗಳನ್ನು ಹೊಂದುತ್ತವೆ ಎಂದೇ ಎಣಿಸಲಾಯಿತು. ಜೊತೆಗೆ ಸುಮಾರು ಒಂದು ವರ್ಷ ರೂಪ ಬದಲಿಸದೆ ಭದ್ರತಾ ತೇಪೆ ಮಾತ್ರ ಪಡೆಯುವ ಇಎಸ್‌ಆರ್ ಎಂಬ ಶಾಖೆ ಶುರುವಾಯಿತು. ಸಂಸ್ಥೆಗಳಿಗೆಂದು ಮಾಡಿದ ಈ ಶಾಖೆ, ಮುಂದಿನ ಪ್ರತಿ ವಿನ್ಯಾಸ ಬದಲಾವಣೆಯಲ್ಲೂ ಸಾಮಾನ್ಯ ಬಳಕೆದಾರರು ಓಡಿಹೋಗಿ ನಿಲ್ಲುವ ಜಾಗವಾಯಿತು.

ಮೆಮೊರಿಯೆಲ್ಲ ನುಂಗಿತು

ಹೊಸ ಆವೃತ್ತಿ ಬಂದಾಗ ಕೇಳುವ ಇನ್ನೊಂದು ಖಾಯಂ ಮಾತು, ‘ಮೊದಲಿಗಿಂತ ನಿಧಾನ, ಮೆಮೊರಿಯೆಲ್ಲ ನುಂಗುತ್ತಿದೆ’. ಕಂಪನಿಗಳು ಇದಕ್ಕೆ ವೇಗ ಪರೀಕ್ಷೆಯ ಅಂಕಗಳನ್ನು ತೋರಿಸುತ್ತವೆ. ಬಹುಕಾಲ ಒಬ್ಬೊಬ್ಬರದೂ ಒಂದೊಂದು ಅಳತೆಗೋಲು: ಆಪಲ್‌ನ ವೆಬ್‌ಕಿಟ್ ತಂಡದ ಸನ್‌ಸ್ಪೈಡರ್, ಮೊಜಿಲ್ಲಾದ ಕ್ರಾಕೆನ್, ಗೂಗಲಿನ ಆಕ್ಟೇನ್. ಮೂವರೂ ಒಟ್ಟಿಗೆ ಕೂತು ಒಂದೇ ಅಳತೆಗೋಲನ್ನು, ಸ್ಪೀಡೋಮೀಟರ್ 3 ಎಂಬುದನ್ನು, ರೂಪಿಸಿ ಹೊರತಂದದ್ದು 2024ರ ಮಾರ್ಚಿನಲ್ಲಿ. ಆದರೆ ನಲವತ್ತು ಟ್ಯಾಬ್, ಹತ್ತು ಎಕ್ಸ್‌ಟೆನ್ಶನ್, 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರ ದೂರಿಗೆ ಆ ಅಂಕಗಳಲ್ಲಿ ಉತ್ತರವಿಲ್ಲ.

ಆ ದೂರನ್ನು ಯಾರಾದರೂ ನಿಜವಾಗಿ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಫೈರ್‌ಫಾಕ್ಸ್ 4ರ ನಂತರದ ವರ್ಷವನ್ನು ನೋಡಬೇಕು. 2011ರಲ್ಲಿ ಮೊಜಿಲ್ಲಾದಲ್ಲಿ ಮೆಮ್‌ಶ್ರಿಂಕ್ ಎಂಬ ಕೆಲಸ ಶುರುವಾಯಿತು. ವಾರ ವಾರ ದೂರುಗಳನ್ನು ಒಂದೊಂದಾಗಿ ತೆಗೆದು, ಮೆಮೊರಿ ಎಲ್ಲಿ ಸೋರುತ್ತಿದೆ ಎಂದು ಹುಡುಕತೊಡಗಿದರು. ಬ್ರೌಸರಿನದೇ ಸೋರಿಕೆಗಳು ಸಿಕ್ಕವು, ಮುಚ್ಚಿದರು. ಆದರೆ ಉಳಿದ ಬಹಳಷ್ಟು ಸೋರಿಕೆ ಆಡ್-ಆನ್‌ಗಳದ್ದು: ಮುಚ್ಚಿದ ಪುಟಗಳ ಎಳೆಯನ್ನು ಅವು ಕೈಬಿಡದೆ ಹಿಡಿದುಕೊಂಡಿದ್ದವು, ಹಾಗಾಗಿ ಆ ಪುಟಗಳು ಮೆಮೊರಿಯಿಂದ ಹೋಗುತ್ತಲೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬೈಗುಳವೆಲ್ಲ ಬ್ರೌಸರಿಗೆ ಬೀಳುತ್ತಿತ್ತು. ಬಳಕೆದಾರರಿಗೆ ಆ ವ್ಯತ್ಯಾಸ ತಿಳಿಯಲು ದಾರಿಯೂ ಇರಲಿಲ್ಲ. 2012ರ ಆಗಸ್ಟಿನ 15ನೇ ಆವೃತ್ತಿಯಲ್ಲಿ, ಪುಟ ಮುಚ್ಚಿದ ಕೂಡಲೇ ಆ ಎಳೆಗಳನ್ನು ಬ್ರೌಸರೇ ಕತ್ತರಿಸಿಹಾಕುವ ಏರ್ಪಾಡಾಯಿತು. ಒಂದೊಂದು ಆಡ್-ಆನನ್ನು ತಿದ್ದುತ್ತಾ ಕೂರುವ ಬದಲು ಒಂದೇ ಏಟಿಗೆ ಬಹುಪಾಲು ಸೋರಿಕೆ ನಿಂತಿತು. ದೂರಿದವರ ಅನುಭವ ಸರಿಯಿತ್ತು, ಅವರು ಊಹಿಸಿದ ಕಾರಣ ಮಾತ್ರ ತಪ್ಪಿತ್ತು. ನನ್ನ ಮಟ್ಟಿಗೆ ಬಳಕೆದಾರರ ದೂರುಗಳನ್ನು ಓದಬೇಕಾದ ಕ್ರಮವೇ ಇದು.

ಕ್ರೋಮಿನ ಕಥೆ ಬೇರೆ. ಒಂದು ಟ್ಯಾಬ್ ಕುಸಿದರೆ ಉಳಿದವು ಬದುಕಲಿ ಎಂದು ಅದು ಮೊದಲಿನಿಂದಲೂ ಪುಟಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ, ಅಂದರೆ ಒಂದರಿಂದ ಒಂದು ಬೇರೆಯಾಗಿ ಓಡುವ ಕೆಲಸಗಳಾಗಿ, ಇಡುತ್ತದೆ. ಪ್ರತಿ ಪ್ರೊಸೆಸ್‌ಗೂ ತನ್ನದೇ ಮೆಮೊರಿ ಬೇಕು. 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ದೋಷ ಬಯಲಾಯಿತು. ಒಂದು ತಾಣದ ಕೋಡ್ ಅದೇ ಪ್ರೊಸೆಸ್‌ನಲ್ಲಿರುವ ಇನ್ನೊಂದು ತಾಣದ ಗುಟ್ಟನ್ನು ಓದಬಹುದೆಂದು ಗೊತ್ತಾಯಿತು. ಹಾಗಾಗಿ 67ನೇ ಆವೃತ್ತಿಯ ಹೊತ್ತಿಗೆ ಕಂಪ್ಯೂಟರುಗಳಲ್ಲಿ ಪ್ರತಿ ತಾಣಕ್ಕೂ ಬೇರೆಯೇ ಪ್ರೊಸೆಸ್ ಎಂಬ ನಿಯಮ ಬಂತು. ಒಟ್ಟು ಮೆಮೊರಿ ಶೇ 10ರಿಂದ 13ರಷ್ಟು ಹೆಚ್ಚಾಗುತ್ತದೆ ಎಂದು ಗೂಗಲ್ ಒಪ್ಪಿಕೊಂಡಿತು. ಅದನ್ನು ಒಪ್ಪಿಕೊಂಡದ್ದು ಎಂಜಿನಿಯರುಗಳು ಓದುವ ಬರಹದಲ್ಲಿ. ಬಳಕೆದಾರರಿಗೆ ಕಂಡದ್ದು ಅಪ್‌ಡೇಟ್ ಆದ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿರುವುದು ಮಾತ್ರ. ‘ನಿಮ್ಮ ಬ್ಯಾಂಕ್ ಪುಟವನ್ನು ಉಳಿದವುಗಳಿಂದ ಬೇರೆ ಕೋಣೆಯಲ್ಲಿಟ್ಟಿದ್ದೇವೆ, ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ’ ಎಂದು ಒಂದು ಸಾಲು ಹೇಳಿದ್ದರೆ ಎಷ್ಟೋ ಜನ ಸಮಾಧಾನಪಡುತ್ತಿದ್ದರು ಎಂದು ನಂಬುತ್ತೇನೆ.

ಮುಚ್ಚುತ್ತಾ ಹೋದ ಬಾಗಿಲುಗಳು

2013ರ ಜುಲೈನಲ್ಲಿ ಒಪೇರಾ 15 ಬಂದಾಗ ಅದರ ಹಳೆಯ ಎಂಜಿನ್ ಹೋಗಿ ಕ್ರೋಮಿಗೆ ತಳಹದಿಯಾದ ಕ್ರೋಮಿಯಂ ಬಂದಿತ್ತು. ಮೇಲ್ ಬೇರೆ ಪ್ರೋಗ್ರಾಮಾಗಿ ಹೊರಬಿತ್ತು, ಬುಕ್‌ಮಾರ್ಕುಗಳೇ ಇರಲಿಲ್ಲ! ಬ್ರೌಸರ್ ಎಂದರೆ ಬುಕ್‌ಮಾರ್ಕ್ ಇರುತ್ತದೆ ಎಂದು ವರ್ಷಾನುಗಟ್ಟಲೆ ಕೂಡಿಟ್ಟವರಿಗೆ ಇದು ಮನೆಯ ಕಪಾಟನ್ನೇ ಹೊತ್ತೊಯ್ದಂತೆ. ಬಹಳ ಜನ 12ರಲ್ಲೇ ಉಳಿದರು. ಒಪೇರಾದ ಸಂಸ್ಥಾಪಕರಲ್ಲಿ ಒಬ್ಬರಾದ ಯಾನ್ ವಾನ್ ಟೆಟ್ಸ್‌ನರ್, ಆ ವೇಳೆಗೆ ಕಂಪನಿ ಬಿಟ್ಟಿದ್ದವರು, ಇಂಥ ಬಳಕೆದಾರರಿಗಾಗಿಯೇ ವಿವಾಲ್ಡಿ ಕಟ್ಟಿದರು. 2015ರ ಜನವರಿಯಲ್ಲಿ ಅದು ಮೊದಲ ಬಾರಿ ಜನರ ಕೈಗೆ ಸಿಕ್ಕಿತು.

2014ರ ಏಪ್ರಿಲ್ 29ಕ್ಕೆ ಫೈರ್‌ಫಾಕ್ಸ್ 29 ಆಸ್ಟ್ರೇಲಿಸ್ ಎಂಬ ರೂಪ ಹೊತ್ತು ಬಂತು. ಟ್ಯಾಬ್‌ಗಳ ಭುಜ ಬಾಗಿತ್ತು, ಮೆನು ಬಲಕ್ಕೆ ಮೂರು ಗೆರೆಯಾಗಿತ್ತು. ಕ್ರೋಮನ್ನು ನಕಲು ಮಾಡುವುದಾದರೆ ಕ್ರೋಮನ್ನೇ ಬಳಸುತ್ತೇವಲ್ಲ ಎಂಬ ಮಾತು ಆಗ ಎಲ್ಲೆಡೆ. ಆದರೆ ಫೈರ್‌ಫಾಕ್ಸಿನ ಆಡ್-ಆನ್‌ಗಳಿಗೆ ಬ್ರೌಸರಿನ ಯಾವ ಮೂಲೆಯನ್ನಾದರೂ ತಿದ್ದುವ ಅಧಿಕಾರವಿತ್ತು. ಕ್ಲಾಸಿಕ್ ಥೀಮ್ ರಿಸ್ಟೋರರ್ ಎಂಬ ಆಡ್-ಆನ್ ಹಾಕಿಕೊಂಡರೆ ಚೌಕ ಟ್ಯಾಬ್‌ಗಳು, ಹಳೆಯ ಗುಂಡಿ, ಹಳೆಯ ಕ್ರಮ ಎಲ್ಲ ವಾಪಸ್. ಭದ್ರತೆ ಹೊಸದು, ಮುಖ ಹಳೆಯದು. ಪೊಟ್ಟಣವನ್ನು ಬಿಡಿಸುವ ದಾರಿಯೊಂದು ಬಳಕೆದಾರರಿಗೆ ಸಿಕ್ಕಿತ್ತು.

2017ರ ನವೆಂಬರ್ 14ರಂದು ಆ ದಾರಿ ಮುಚ್ಚಿತು. ಫೈರ್‌ಫಾಕ್ಸ್ 57, ಕ್ವಾಂಟಮ್ ಎಂದು ಹೆಸರಾದ ಆವೃತ್ತಿ, ಬಹುಶಃ ಬ್ರೌಸರ್ ಇತಿಹಾಸದಲ್ಲೇ ಅತ್ಯಂತ ದೊಡ್ಡ ಖುಷಿ ಮತ್ತು ಅತ್ಯಂತ ದೊಡ್ಡ ನೋವನ್ನು ಒಂದೇ ದಿನ ಕೊಟ್ಟದ್ದು. ಪುಟದ ಬಣ್ಣ, ಅಳತೆ, ಶೈಲಿಗಳನ್ನು ಲೆಕ್ಕಹಾಕುವ ಕೆಲಸವನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದು, ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಹಂಚಲಾಗಿತ್ತು. ಚುರುಕು ಕಣ್ಣಿಗೆ ಕಾಣುತ್ತಿತ್ತು. ಕ್ರೋಮಿಗೆ ಹೋದವರು ಮರಳಿ ಬಂದು ನೋಡಿದರು. ಆದರೆ ಬ್ರೌಸರಿನ ಒಳಗೆಲ್ಲ ಕೈಹಾಕುವ ಹಳೆಯ ಆಡ್-ಆನ್‌ಗಳನ್ನು ಇಟ್ಟುಕೊಂಡು ಈ ವೇಗ ಸಾಧ್ಯವಿರಲಿಲ್ಲ. ಒಳಗಿನ ಒಂದು ಇಟ್ಟಿಗೆ ಕದಲಿಸಿದರೂ ಯಾವುದೋ ಆಡ್-ಆನ್ ಬೀಳುತ್ತಿತ್ತು. 2015ರ ಆಗಸ್ಟಿನಲ್ಲೇ ಮೊಜಿಲ್ಲಾ ಇದನ್ನು ಹೇಳಿತ್ತು. ಹೇಳಿದ್ದರೂ, ಆ ಬೆಳಿಗ್ಗೆ ಬ್ರೌಸರ್ ತೆರೆದವರಿಗೆ ವರ್ಷಗಟ್ಟಲೆ ಜೋಡಿಸಿಕೊಂಡ ಸಾಧನಗಳು ಸತ್ತುಬಿದ್ದಿದ್ದವು. ಟ್ಯಾಬ್ ಮಿಕ್ಸ್ ಪ್ಲಸ್ ಹೋಯಿತು, ಕ್ಲಾಸಿಕ್ ಥೀಮ್ ರಿಸ್ಟೋರರ್ ಹೋಯಿತು. 52ರ ಇಎಸ್‌ಆರ್ ಶಾಖೆಯಲ್ಲಿ ಅವನ್ನು ಉಳಿಸಿಕೊಂಡವರಿಗೂ 2018ರ ಸೆಪ್ಟೆಂಬರಿಗೆ ಗಡುವು ಮುಗಿಯಿತು.

ನನಗೆ ಈ ನಿರ್ಧಾರ ತಪ್ಪೆಂದು ಹೇಳಲಾಗುವುದಿಲ್ಲ. ಆ ವೇಗವಿಲ್ಲದೆ ಫೈರ್‌ಫಾಕ್ಸ್ ಇಂದು ಇರುತ್ತಿತ್ತೇ ಎಂಬುದೇ ಅನುಮಾನ. ಆದರೆ ಕಳೆದುಕೊಂಡದ್ದನ್ನು ಕಳೆದುಕೊಂಡದ್ದು ಎಂದೇ ಕರೆಯಬೇಕು. ಅಂದಿನಿಂದ ಬ್ರೌಸರಿನ ಮುಖದ ಮೇಲೆ ಬಳಕೆದಾರರಿಗೆ ಉಳಿದದ್ದು ಗುಟ್ಟಿನ ಸ್ವಿಚ್ಚುಗಳು ಮಾತ್ರ. ಆ ಸ್ವಿಚ್ಚುಗಳ ಆಯುಸ್ಸು ಎಷ್ಟೆಂದು ನೋಡಿ. 2020ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್ 75ರ ಅಡ್ರೆಸ್ ಬಾರ್, ಕ್ಲಿಕ್ ಮಾಡಿದ ಕೂಡಲೇ ಉಬ್ಬಿ ಸುತ್ತಲಿನ ಜಾಗವನ್ನು ಆವರಿಸತೊಡಗಿತು. ಅದನ್ನು ನಿಲ್ಲಿಸುವ ಸ್ವಿಚ್ಚನ್ನು ಜನ ಅಬೌಟ್:ಕಾನ್ಫಿಗ್ ಎಂಬ ಒಳಸೆಟ್ಟಿಂಗ್‌ಗಳ ಪುಟದಲ್ಲಿ ಹುಡುಕಿ ತೆಗೆದು ಹಂಚಿಕೊಂಡರು. ಜೂನ್‌ನಲ್ಲಿ ಬಂದ 77ರಲ್ಲಿ ಆ ಸ್ವಿಚ್ಚೇ ಇರಲಿಲ್ಲ. ಕ್ರೋಮಿನ 2018 ಮತ್ತು 2023ರ ಹೊಸ ರೂಪಗಳಲ್ಲೂ ಹೀಗೇ ಆಯಿತು: ಹಳೆಯದಕ್ಕೆ ಮರಳುವ ಒಳಸೆಟ್ಟಿಂಗ್ ಕೆಲವು ಆವೃತ್ತಿಗಳ ತನಕ ಇತ್ತು, ಆಮೇಲೆ ಇಲ್ಲ.

ಕೆಲವು ಪಿಕ್ಸೆಲ್‌ಗಳ ಪ್ರಶ್ನೆ

2021ರ ಜೂನ್ 1ರಂದು ಬಂದ ಫೈರ್‌ಫಾಕ್ಸ್ 89ರ ಪ್ರೋಟಾನ್ ರೂಪದಲ್ಲಿ ಟ್ಯಾಬ್‌ಗಳು ಅಡ್ರೆಸ್ ಬಾರಿಗೆ ಅಂಟದೆ, ತೇಲುವ ಗುಂಡಿಗಳ ಹಾಗೆ ಕಾಣತೊಡಗಿದವು. ಸುತ್ತ ಗಾಳಿಯಾಡಲು ಜಾಗ ಬಿಟ್ಟಿದ್ದರಿಂದ ಸಾಲಿನ ಎತ್ತರ ಹೆಚ್ಚಿತು. ಕೆಲವೇ ಪಿಕ್ಸೆಲ್. ಆದರೆ 768 ಪಿಕ್ಸೆಲ್ ಎತ್ತರದ ಸಣ್ಣ ಲ್ಯಾಪ್‌ಟಾಪ್ ಪರದೆಯಲ್ಲಿ ಮೇಲೆ ಬ್ರೌಸರಿನ ಸಾಲುಗಳು, ಕೆಳಗೆ ಟಾಸ್ಕ್‌ಬಾರ್ ಹೋಗಿ ಉಳಿಯುವುದೇ ಅಷ್ಟು; ಅಲ್ಲಿ ಓದುವ ಒಂದು ಸಾಲು ಕೆಳಗೆ ತಳ್ಳಲ್ಪಡುತ್ತದೆ. ಅಂಥವರಿಗೆಂದೇ ‘ಕಾಂಪ್ಯಾಕ್ಟ್’ ಎಂಬ ಆಯ್ಕೆಯಿತ್ತು. ಅದನ್ನೇ ತೆಗೆಯುವ ಯೋಚನೆ ಹೊರಬಿದ್ದಾಗ ವಿರೋಧ ಜೋರಾಯಿತು. ಮೊಜಿಲ್ಲಾ ನಡುವಿನ ದಾರಿ ಹಿಡಿಯಿತು: ಈಗಾಗಲೇ ಬಳಸುತ್ತಿರುವವರಿಗೆ ಇರಲಿ, ಉಳಿದವರಿಗೆ ಕಾಣುವುದು ಬೇಡ. ಈಗ ಬೇಕೆಂದವರು ಅಡ್ರೆಸ್ ಬಾರಿನಲ್ಲಿ ಅಬೌಟ್:ಕಾನ್ಫಿಗ್ ಎಂದು ಟೈಪ್ ಮಾಡಬೇಕು, ಎಚ್ಚರಿಕೆಯಿಂದ ಮುಂದುವರಿಯಿರಿ ಎನ್ನುವ ಪುಟ ದಾಟಬೇಕು, ಕಾಂಪ್ಯಾಕ್ಟ್ ಮೋಡ್ ತೋರಿಸುವ ಸಾಲನ್ನು ಹುಡುಕಿ ‘ಟ್ರೂ’ ಮಾಡಬೇಕು. ಆಮೇಲೂ ಮೆನುವಿನಲ್ಲಿ ಅದರ ಹೆಸರಿನ ಪಕ್ಕ ‘ಇದಕ್ಕೆ ಬೆಂಬಲವಿಲ್ಲ’ ಎಂದು ಬರೆದಿರುತ್ತದೆ. ಸಣ್ಣ ಪರದೆಯ ಕಂಪ್ಯೂಟರ್ ಇರುವವರಿಗೆ ನೀವು ಇಲ್ಲಿಗೆ ಸೇರಿದವರಲ್ಲ ಎಂದು ಹೇಳಿದಂತೆ ಆಗುವುದಿಲ್ಲವೇ ಇದು?

ಅಭ್ಯಾಸ ಎಂಬ ಮಾತನ್ನು ಹಗುರವಾಗಿ ಬಳಸುತ್ತಾರೆ. ಅದು ಎಷ್ಟು ಆಳದ್ದೆಂದು ನನಗೆ ತಿಳಿದದ್ದು ನನ್ನದೇ ಕೈಯಿಂದ. ದಿನವೆಲ್ಲ ತೆರೆದಿಡುವ ಪುಟವನ್ನು ನಾನು ಯಾವಾಗಲೂ ಎಡತುದಿಯ ಮೊದಲ ಟ್ಯಾಬಾಗಿ ಇಟ್ಟಿರುತ್ತೇನೆ. ಮೌಸನ್ನು ಎಡ ಮೇಲ್ಮೂಲೆಗೆ ಎಸೆದು, ನೋಡದೆಯೇ ಕ್ಲಿಕ್ ಮಾಡುತ್ತೇನೆ. ಪರದೆಯ ಅಂಚು ಕರ್ಸರನ್ನು ತಾನೇ ತಡೆದು ನಿಲ್ಲಿಸುತ್ತದೆ, ಗುರಿಯಿಡುವ ಕೆಲಸವೇ ಇಲ್ಲ. ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಬೇಗ ಮುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅಂಚಿನ ಆಚೆ ಕರ್ಸರ್ ಹೋಗಲಾರದ್ದರಿಂದ ಅಲ್ಲಿರುವ ಗುರಿ ಕೊನೆಯಿಲ್ಲದಷ್ಟು ದೊಡ್ಡದು. ಟ್ಯಾಬ್‌ಗಳು ಮೇಲೆ ಇರಬೇಕೆಂದು ವಾದಿಸುವಾಗ ವಿನ್ಯಾಸಕಾರರು ಹೇಳುತ್ತಿದ್ದದ್ದೂ ಇದೇ ತತ್ವ. ಒಂದು ಬೆಳಿಗ್ಗೆ ಅಪ್‌ಡೇಟ್ ಆದ ಮೇಲೆ ಆ ಮೂಲೆಯಲ್ಲಿ ಹೊಸದೊಂದು ಗುಂಡಿ ಬಂದು ಕೂತಿತ್ತು, ನನ್ನ ಟ್ಯಾಬ್ ಒಂದು ಬೆರಳಿನಷ್ಟು ಬಲಕ್ಕೆ ಸರಿದಿತ್ತು. ಮೂರು ವಾರ ನನ್ನ ಕೈ ಅದೇ ಮೂಲೆಗೆ ಹೋಗಿ ಬೇಡದ ಪಟ್ಟಿಯೊಂದನ್ನು ಬಿಚ್ಚುತ್ತಿತ್ತು. ಪ್ರತಿ ಸಲವೂ ಮಾಡುತ್ತಿದ್ದ ಕೆಲಸದ ಎಳೆ ತಪ್ಪಿ, ಕಣ್ಣೆತ್ತಿ ಹುಡುಕಬೇಕಾಗುತ್ತಿತ್ತು. ಹೊಸ ರೂಪ ನಿಧಾನವೆಂದು ಜನ ಹೇಳುವಾಗ ಎಷ್ಟೋ ಸಲ ಅಳೆಯುತ್ತಿರುವುದು ಈ ಹುಡುಕಾಟದ ಸಮಯವನ್ನು. ಅದು ಯಾವ ವೇಗ ಪರೀಕ್ಷೆಯಲ್ಲೂ ದಾಖಲಾಗುವುದಿಲ್ಲ.

ಕೇಳಿಸಿಕೊಂಡ ಸಲ

ಕಂಪನಿಗಳು ಹಿಂದೆ ಸರಿದ ಉದಾಹರಣೆಗಳೂ ಇವೆ. 2009ರ ಫೆಬ್ರುವರಿಯಲ್ಲಿ ಆಪಲ್ ತನ್ನ ಬ್ರೌಸರ್ ಸಫಾರಿ 4ರ ಬೀಟಾದಲ್ಲಿ, ಅಂದರೆ ಪರೀಕ್ಷೆಗೆಂದು ಬಿಟ್ಟ ಆವೃತ್ತಿಯಲ್ಲಿ, ಟ್ಯಾಬ್‌ಗಳನ್ನು ಕಿಟಕಿಯ ಶೀರ್ಷಿಕೆ ಪಟ್ಟಿಗೇ ಏರಿಸಿತ್ತು. ಕಿಟಕಿ ಹಿಡಿದು ಎಳೆಯಲು ಹೋದರೆ ಟ್ಯಾಬ್ ಬದಲಾಗುತ್ತದೆ ಎಂಬ ಗೊಂದಲ ಎದ್ದಿತು. ಜೂನ್‌ನಲ್ಲಿ ಅಂತಿಮ ಆವೃತ್ತಿ ಬರುವಾಗ ಟ್ಯಾಬ್‌ಗಳು ಹಳೆಯ ಜಾಗಕ್ಕೆ ಇಳಿದಿದ್ದವು. ಹನ್ನೆರಡು ವರ್ಷದ ನಂತರ, 2021ರ ಜೂನ್‌ನಲ್ಲಿ, ಅದೇ ಕಂಪನಿ ಅಡ್ರೆಸ್ ಬಾರನ್ನೂ ಟ್ಯಾಬ್‌ಗಳನ್ನೂ ಒಂದೇ ಸಾಲಿಗೆ ಬೆಸೆದು, ಐಫೋನಿನಲ್ಲಿ ಅದನ್ನು ಪರದೆಯ ಕೆಳಗೆ ತೇಲಿಬಿಟ್ಟಿತು. ಆ ಬೇಸಿಗೆಯ ಬೀಟಾಗಳಲ್ಲಿ ಒಂದೊಂದಾಗಿ ಹಿಂದಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಐಓಎಸ್ 15 ಜನರಿಗೆ ತಲುಪುವಾಗ ಅಡ್ರೆಸ್ ಬಾರ್ ಕೆಳಗೆ ಬೇಕೋ ಮೇಲೆ ಬೇಕೋ ಎಂದು ಆರಿಸಬಹುದಿತ್ತು. ಮ್ಯಾಕ್‌ನಲ್ಲಿ ಬೆಸೆದ ಸಾಲು ಬೇಕೆಂದವರಿಗೆ ಮಾತ್ರ. ಕೆಳಗಿನ ಬಾರ್ ಹೆಬ್ಬೆರಳಿಗೆ ಹತ್ತಿರ ಎಂದು ಇಂದು ಮೆಚ್ಚುವವರೂ ಬಹಳ. ಮೆಚ್ಚದವರಿಗೂ ಜಾಗ ಇದ್ದುದರಿಂದ ಆ ಗದ್ದಲ ಅಲ್ಲಿಗೇ ತಣ್ಣಗಾಯಿತು.

2018ರ ಸೆಪ್ಟೆಂಬರಿನ ಕ್ರೋಮ್ 69 ವಿಳಾಸದಲ್ಲಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಭಾಗವನ್ನು ಅಡಗಿಸಿತು. ವಿಳಾಸ ಪೂರ್ತಿ ಕಾಣದಿದ್ದರೆ ಮೋಸದ ತಾಣವನ್ನು ಗುರುತಿಸುವುದು ಹೇಗೆ ಎಂದು ಕೇಳಿದ ಮೇಲೆ ಕೆಲವೇ ದಿನಗಳಲ್ಲಿ ಮರಳಿ ತೋರಿಸಿತು, ಮರುವರ್ಷ 76ರಲ್ಲಿ ಮತ್ತೆ ಅಡಗಿಸಿತು. ಬರೀ ತಾಣದ ಹೆಸರನ್ನಷ್ಟೇ ತೋರಿಸುವ ಇನ್ನೊಂದು ಪ್ರಯೋಗ 2020ರಲ್ಲಿ ಶುರುವಾಗಿ, ಭದ್ರತೆಗೆ ಅದರಿಂದ ಗೊತ್ತಾಗುವಂಥ ಲಾಭ ಕಾಣದೆ 2021ರ ಜೂನ್‌ನಲ್ಲಿ ನಿಂತಿತು. ಪೂರ್ತಿ ವಿಳಾಸ ಬೇಕೆಂದವರು ಅಡ್ರೆಸ್ ಬಾರಿನ ಮೇಲೆ ಬಲಗುಂಡಿ ಒತ್ತಿ ಹಾಗೆ ಹೇಳಬಹುದು ಎಂಬ ಆಯ್ಕೆ ಮಾತ್ರ ಉಳಿಯಿತು. ಈ ಎಲ್ಲ ಎಳೆದಾಟದಿಂದ ಬಳಕೆದಾರರಿಗೆ ದಕ್ಕಿದ್ದು ಆ ಒಂದು ಸಾಲಿನ ಆಯ್ಕೆ. ನನಗೆ ಅದು ಸಣ್ಣದೆನಿಸುವುದಿಲ್ಲ.

ಫೈರ್‌ಫಾಕ್ಸ್ 4ರಲ್ಲಿ ಟ್ಯಾಬ್‌ಗಳನ್ನು ಗುಂಪು ಮಾಡುವ ಪನೋರಮಾ ಎಂಬ ಸೌಲಭ್ಯವಿತ್ತು. ಬಳಸುವವರು ಕಡಿಮೆಯೆಂದು 2016ರ ಮಾರ್ಚಿನಲ್ಲಿ, 45ನೇ ಆವೃತ್ತಿಯಲ್ಲಿ, ಅದನ್ನು ಕಿತ್ತುಹಾಕಿದರು. ಬ್ಯಾಕ್‌ಸ್ಪೇಸಿಗೆ ಹಾಕಿದಂಥದೇ ಲೆಕ್ಕ. ಬೇಕೆಂದವರು ಕೇಳುವುದನ್ನು ಬಿಡಲಿಲ್ಲ, ವರ್ಷಗಟ್ಟಲೆ ಕೇಳಿದರು. 2025ರ ಏಪ್ರಿಲ್‌ನಲ್ಲಿ 138ನೇ ಆವೃತ್ತಿಯ ಜೊತೆ ಟ್ಯಾಬ್ ಗುಂಪುಗಳು ಹೊಸ ರೂಪದಲ್ಲಿ ವಾಪಸ್ ಬಂದವು. ಅದಕ್ಕೂ ಸುಮಾರು ಎರಡು ತಿಂಗಳು ಮುಂಚೆ 136ರಲ್ಲಿ, ಟ್ಯಾಬ್‌ಗಳನ್ನು ಮೇಲಿನ ಸಾಲಿನ ಬದಲು ಪಕ್ಕದಲ್ಲಿ ಉದ್ದಕ್ಕೆ ಜೋಡಿಸಿಕೊಳ್ಳುವ ಅವಕಾಶ ಬಂದಿತ್ತು. ಬೇಕಾದವರು ಸೆಟ್ಟಿಂಗ್ಸಿಗೆ ಹೋಗಿ ಒಂದು ಕ್ಲಿಕ್ ಮಾಡಿ ಅದನ್ನು ತಂದುಕೊಂಡರು. ಮೇಲಿನ ಸಾಲೇ ಸಾಕು ಎನ್ನುವವರ ಪರದೆಯಲ್ಲಿ ಆ ದಿನ ಟ್ಯಾಬ್‌ಗಳು ಇದ್ದಲ್ಲೇ ಇದ್ದವು.